ಸೂಕ್ತ ಕ್ರಮದ ಮಾಸ್ತರು

ಈ ಜೂನಿನಲ್ಲಿ ಮೂವರು ಗಂಡಸರು ಹಳದೀಪುರದ ನಮ್ಮ ಮನೆಗೆ ಬಂದಿದ್ದರು. ಮೂವರೂ ಅಭಿನಂದನ ಸಮಿತಿಯವರಂತೆ. ಮಾಸ್ತರು ನಿವೃತ್ತರಾಗಿದ್ದಾರೆ, ಹೊನ್ನಾವರದಲ್ಲಿ ದೊಡ್ಡ ಸಮಾರಂಭ ಇದೆ, ಅಭಿನಂದನ ಗ್ರಂಥವೂ ಬರುತ್ತದೆ, ಹನ್ನೆರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರು ನೀವು, ಎರಡು ಪುಟ ಬರೆದುಕೊಡಲೇಬೇಕು ಎಂದರು. "ಎಂತ ಬರಿಬೇಕು?" ಎಂದೆ. "ಒಳ್ಳೇದು ನಾಕು ಬರೀರಿ ಅಕ್ಕೋರೇ, ಸಾಕು" ಎಂದರು. ಒಳ್ಳೇದು ನಾಕು! ಚಾ ಕುಡಿಸಿ ಕಳಿಸಿದೆ. ಎರಡು ದಿನ ತಲೆ ಕೆರೆದುಕೊಂಡರೂ ಸಿಕ್ಕಿದ್ದು ಒಂದೇ: ಆತನ ಕೈಬರಹ ಚಂದ. ನಿಜಕ್ಕೂ ಚಂದ. ಎರಡನೆಯದು ಸಿಗಲಿಲ್ಲ.

ಗ್ರಂಥಕ್ಕೆ ಕೊಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬೈದು ಬರೆದಿದ್ದರೂ ಹೆಸರು ಅಚ್ಚಾಗಿದೆಯಲ್ಲ ಎಂದು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಳ್ಳುವ ಆಸಾಮಿ. ಎದುರಿಗೆ ಹನ್ನೆರಡು ವರ್ಷ 'ಸರ್' ಅಂದಿದ್ದೇನೆ, ಇಲ್ಲಿ 'ಆತ' ಅಂದರೆ ಸಾಕು.

ಶಾಲೆ ಇರುವುದು ಮಂಕಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಆತ ಕನ್ನಡದ ಮಾಸ್ತರ, ನಾನು ವಿಜ್ಞಾನ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಬಿದ್ದ ಮೇಲೆ ಪ್ರಭಾರವೂ ಆತನಿಗೇ ಬಂತು. ಆಗ ನೋಡಬೇಕಿತ್ತು. ಪಾಠಕ್ಕೆ ಗಂಟೆ ಹೊಡೆದರೆ ಆತನ ಮುಖ ಹುಳ್ಳಗಾಗುತ್ತಿತ್ತು, ಕಾರ್ಯಕ್ರಮ ಎಂದರೆ ಅರಳುತ್ತಿತ್ತು. ಮೈಕಿನ ಎದುರು ನಿಂತರೆ ಮೊದಲು ಮೂರು ಸಲ ಬೆರಳಿನಿಂದ ತಟ್ಟಬೇಕು, ಒಂದು ಸಲ ಊದಬೇಕು, ಕನ್ನಡಕ ಹಣೆಗೇರಿಸಬೇಕು. ಆಮೇಲೆ ಫ್ಲಾಸ್ಕಿನ ಬಿಸಿನೀರು ಒಂದು ಗುಟುಕು. ಇಷ್ಟೆಲ್ಲ ಆಗಿ ಮೊದಲ ವಾಕ್ಯ ಯಾವಾಗಲೂ ಒಂದೇ: "ನಾನು ನಿಮಿತ್ತ ಮಾತ್ರ." ಅದಾದ ಮೇಲೆ ನಲವತ್ತು ನಿಮಿಷ ತನ್ನ ಬಗ್ಗೆಯೇ ಮಾತು. ಮಕ್ಕಳು ಬಿಸಿಲಲ್ಲಿ ಕೂತಿರುತ್ತಿದ್ದರು. ಒಂದು ಆಗಸ್ಟ್ ಹದಿನೈದಕ್ಕೆ ಮೂವರು ತಲೆ ತಿರುಗಿ ಬಿದ್ದರು. ಬಿದ್ದವರನ್ನು ಎತ್ತಿಕೊಂಡು ಹೋಗುವಾಗಲೂ ಆತ ನಿಲ್ಲಿಸಲಿಲ್ಲ, "ನೋಡಿ, ದೇಶಕ್ಕಾಗಿ ಹೀಗೆ ಬಿದ್ದವರೆಷ್ಟೋ!" ಎಂದುಬಿಟ್ಟ. ಥೂ.

ಆತ ಓದುವ ಅಭ್ಯಾಸದವನಲ್ಲ. ಇದನ್ನು ಕನ್ನಡದ ಮಾಸ್ತರನ ಬಗ್ಗೆ ಹೇಳುತ್ತಿದ್ದೇನೆ. ಮೇಜಿನ ಮೇಲೆ ಕಾಗದ ಇಟ್ಟರೆ ಕಣ್ಣು ನೇರ ಕೆಳಗೆ ಹೋಗುತ್ತಿತ್ತು, ಸಹಿಯ ಜಾಗ ಹುಡುಕುತ್ತ. ರಜೆಯ ಅರ್ಜಿಯಿರಲಿ, ಬಿಸಿಯೂಟದ ಅಕ್ಕಿಯ ಪತ್ರವಿರಲಿ, "ಸೂಕ್ತ ಕ್ರಮಕ್ಕಾಗಿ" ಎಂದು ಆ ಚಂದದ ಅಕ್ಷರದಲ್ಲಿ ಬರೆದು ಕೆಳಗೆ ಸಹಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇರುತ್ತಾರಲ್ಲ, ಈತ ಅದಕ್ಕೂ "ಸೂಕ್ತ ಕ್ರಮಕ್ಕಾಗಿ" ಎಂದು ಬರೆದು ಕಳಿಸುತ್ತಿದ್ದ.

ಇನ್ನು ಕರಡಿಯ ವಿಷಯ.

ಶಾಲೆಯ ಹಿಂದಿನ ಗುಡ್ಡದಲ್ಲಿ ಅರಣ್ಯ ಇಲಾಖೆಯ ಗೇರುಹಕ್ಕಲು ಇದೆ, ಗೋಡಂಬಿ ಮರಗಳ ತೋಪು. ಗುಡ್ಡದ ಆಚೆ ಹತ್ತಿಪ್ಪತ್ತು ಮನೆಗಳ ಕೇರಿ, ಈಚೆ ಶಾಲೆ ಮತ್ತು ಬಸ್ಸಿನ ರಸ್ತೆ. ಆಚೆಯವರು ಈಚೆ ಬರಲು ಹಕ್ಕಲಿನ ನಡುವಿನ ಕಾಲುದಾರಿಯೇ ಗತಿ, ಸುತ್ತು ಬಂದರೆ ಒಂದು ತಾಸು ಹೆಚ್ಚು. ಗೇರಿನ ಫಸಲನ್ನು ವರ್ಷವರ್ಷ ಹರಾಜು ಹಾಕುತ್ತಾರೆ. ಹಿಡಿದ ಗುತ್ತಿಗೆದಾರನ ಆಳುಗಳು ದಾರಿಯ ಪಕ್ಕದ ನೆರಳಲ್ಲಿ ಕೂತು ಬೀಜ ತಿರುಪಿ ತೆಗೆದುಕೊಂಡು ಹಣ್ಣನ್ನು ಅಲ್ಲೇ ಸುರಿದು ಹೋಗುತ್ತಾರೆ. ರಾಶಿ ಕೊಳೆತು ಹುಳಿಯಾಗಿ ಅದರ ವಾಸನೆ ಗುಡ್ಡವೆಲ್ಲ ಹಬ್ಬುತ್ತದೆ. ಆ ವಾಸನೆಗೆ ಕರಡಿ ಬರುತ್ತದೆ.

ಗಣಪಿ ಎಂಬವಳು ಆಚೆಯ ಕೇರಿಯವಳು. ಹರಿವೆ, ಬಸಳೆ, ಬದನೆ ಬೆಳೆದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಹೊನ್ನಾವರದ ಪೇಟೆಗೆ ಹೋಗುತ್ತಿದ್ದಳು. ಒಂದು ಏಪ್ರಿಲಿನ ಬೆಳಗಿನ ಜಾವ ಅದೇ ರಾಶಿಯ ಹತ್ತಿರ ಕರಡಿ ಅವಳನ್ನು ಹಿಡಿಯಿತು. ಬುಟ್ಟಿ ಅಡ್ಡ ಬಂದದ್ದರಿಂದ ಜೀವ ಉಳಿಯಿತು. ಎಡಗೆನ್ನೆ, ಕಿವಿ, ತಲೆಯ ಚರ್ಮ ಹರಿದುಹೋಯಿತು. ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಬಂದವಳು ಮತ್ತೆ ಅದೇ ದಾರಿಯಲ್ಲಿ ಪೇಟೆಗೆ ಹೋಗತೊಡಗಿದಳು. ತಲೆಯ ಮೇಲೆ ಭಾರ ಹೊರಲು ಆಗುವುದಿಲ್ಲ, ಬುಟ್ಟಿ ಸೊಂಟಕ್ಕೆ ಬಂತು. "ಹೆದ್ರಿಕೆ ಆತಿಲ್ವನೇ?" ಎಂದು ಕೇಳಿದ್ದೆ. "ಆತದೆ ಅಕ್ಕೋರೇ. ಹೆದ್ರಿ ಮನೆಲಿ ಕೂತ್ರೆ ಉಂಬುದು ಎಂತ?" ಎಂದಿದ್ದಳು.

ಅವಳ ಮಗಳು ಮಂಗಲಾ ನಮ್ಮ ಶಾಲೆಯಲ್ಲಿ ಒಂಬತ್ತನೆಗೆ ಬಂದಿದ್ದಳು. ಹೆಚ್ಚು ಮಾತಿನವಳಲ್ಲ, ಹಿಡಿದದ್ದು ಬಿಡುವವಳೂ ಅಲ್ಲ. ಅವಳು ಮತ್ತು ಐವರು ಗೆಳತಿಯರು ವಿಜ್ಞಾನದ ಯೋಜನಾ ಕೆಲಸಕ್ಕೆ ಹಕ್ಕಲಿನ ನಕಾಶೆ ಮಾಡಿದರು. ರಾಶಿ ಬೀಳುವ ಮೂರು ಜಾಗ, ಕರಡಿಯ ಲದ್ದಿ ಕಂಡದ್ದೆಲ್ಲಿ, ಹೆಜ್ಜೆ ಕಂಡದ್ದೆಲ್ಲಿ, ಯಾರಿಗೆ ಎಷ್ಟು ಹೊತ್ತಿಗೆ ಎದುರಾಯಿತು ಎಲ್ಲ ಕೇರಿಯವರನ್ನು ಕೇಳಿ ಕೇಳಿ ಗುರುತು ಹಾಕಿದರು. ಗುರುತೆಲ್ಲ ಆ ಮೂರು ರಾಶಿಯ ಸುತ್ತಲೇ ಬಿದ್ದಿತ್ತು. ನಾನು ಹೇಳಿಕೊಟ್ಟದ್ದು ನಕಾಶೆಗೆ ದಿಕ್ಕು ಹಾಕುವುದನ್ನು ಮಾತ್ರ. ಕೊನೆಗೆ ಅವರೇ ಮಕ್ಕಳ ಗ್ರಾಮಸಭೆಗೆಂದು ಒಂದು ಮನವಿ ಬರೆದರು, ಮೂರೇ ವಾಕ್ಯ: 'ಕಾಲುದಾರಿಯಿಂದ ಒಂದು ಕೂಗಳತೆಯೊಳಗೆ ಗೇರುಹಣ್ಣು ಸುರಿಯಬಾರದು. ಸುರಿದವರು ಅದೇ ದಿನ ಹೊಂಡ ತೋಡಿ ಮಣ್ಣು ಮುಚ್ಚಬೇಕು. ಇದನ್ನು ಹರಾಜಿನ ಕರಾರಿನಲ್ಲಿ ಬರೆಯಲು ಪಂಚಾಯತ ಠರಾವು ಮಾಡಿ ಅರಣ್ಯ ಇಲಾಖೆಗೆ ಕಳಿಸಬೇಕು.'

ಇಷ್ಟು ನೆಟ್ಟಗಿನ ಕನ್ನಡವನ್ನು ಆ ಶಾಲೆಯಲ್ಲಿ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಕನ್ನಡದ ಮಾಸ್ತರನಿಗೆ ಅದು ಹಿಡಿಸಲಿಲ್ಲ. "ಭಾಷೆಯಲ್ಲಿ ಲಾಲಿತ್ಯವಿಲ್ಲ" ಎಂದ. ಮನೆಗೆ ಒಯ್ದು ಮರುದಿನ ನಾಲ್ಕು ಪುಟ ಮಾಡಿಕೊಂಡು ಬಂದ. ಸಹ್ಯಾದ್ರಿಯ ಮಡಿಲು, ಕಡಲಿನ ಜೋಗುಳ, ವನದೇವತೆಯ ಕಣ್ಣೀರು, ಮಾನವನ ದುರಾಸೆ, ಎಲ್ಲ ಬಂದಿತ್ತು. ಕೊನೆಯ ಸಾಲು: 'ಆದ್ದರಿಂದ ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಸವಿನಯ ಪ್ರಾರ್ಥನೆ.'

ಮಂಗಲಾ ನಿಂತಲ್ಲೇ ನಾಲ್ಕೂ ಪುಟ ಓದಿದಳು.

"ಸರ್, ಇದ್ರಲ್ಲಿ ಗೇರಣ್ಣು ಎಲ್ಲದೆ?"

"ಏನಮ್ಮಾ?"

"ಗೇರಣ್ಣು ಇಲ್ಲ. ಹೊಂಡನೂ ಇಲ್ಲ."

"ಅದೆಲ್ಲ ಅಧ್ಯಾಹಾರ ಮಗೂ. ಸೂಕ್ತ ಕ್ರಮ ಎಂದರೆ ಅದರಲ್ಲಿ ಸಕಲವೂ ಬಂತು" ಎಂದು ನಕ್ಕ. ನಮ್ಮ ಕಡೆಯ ಕಚೇರಿಗಳಲ್ಲಿ ಕಾಗದ ನೋಡಿದವರಿಗೆ ಗೊತ್ತು, ಸೂಕ್ತ ಕ್ರಮ ಎಂದರೆ ಅದರಲ್ಲಿ ಏನೂ ಬರಲಿಲ್ಲ ಎಂದು ಅರ್ಥ. ಇಂಥದ್ದು ಬೇಕು ಎಂದು ಕೇಳಿದರೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಎನ್ನಬೇಕಾಗುತ್ತದೆ. ಸೂಕ್ತ ಕ್ರಮ ಕೇಳಿದರೆ ಯಾರೂ ಏನೂ ಹೇಳಬೇಕಾಗಿಲ್ಲ.

ಅಷ್ಟಕ್ಕೇ ಬಿಟ್ಟನೇ? ಇಲ್ಲ. ಕರಡಿ ಎಂದರೆ ಪೇಪರಿನವರು ಬರುತ್ತಾರೆ ಎಂಬುದು ಆತನಿಗೆ ಹೊಳೆದುಬಿಟ್ಟಿತ್ತು. ಜನವರಿಯಲ್ಲಿ ಗ್ರಾಮಸಭೆಗೆ ವಾರವಿರುವಾಗ 'ಕರಡಿ ಜಾಗೃತಿ ಜಾಥಾ' ಎಂದು ಮಾಡಿದ. ಬ್ಯಾನರು ಕುಮಟೆಯಿಂದ ಮಾಡಿಸಿ ತಂದದ್ದು. ಅದರ ಒಂದು ತುದಿಗೆ ಆತನ ಫೋಟೋ, ಇನ್ನೊಂದು ತುದಿಗೆ ಕರಡಿ. ಕರಡಿ ಯಾವುದು? ಕಂದು ಬಣ್ಣದ್ದು, ಹಿಮದ ನೀರಿನಲ್ಲಿ ನಿಂತು ಬಾಯಲ್ಲಿ ಮೀನು ಕಚ್ಚಿಕೊಂಡದ್ದು. ಮಂಕಿಯ ರಸ್ತೆಯಲ್ಲಿ ಮೀನು ಮಾರುವ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಗಣಪಿಯೂ ರಸ್ತೆಯ ಬದಿಗೆ ನಿಂತಿದ್ದಳು. "ಅಯ್ಯ, ಇದು ಎಂತ ಪ್ರಾಣಿ? ನನ್ನ ಹಿಡ್ದದ್ದು ಇದಲ್ಲ" ಎಂದಳು. "ಅದು ಕರೀದು. ಎದೆ ಮೇಲೆ ಬಿಳಿ ಗೀಟು ಇತ್ತು." ಆತ ಅವಳ ಕಡೆ ತಿರುಗಿ, "ಸಾಂಕೇತಿಕ, ತಾಯೀ, ಸಾಂಕೇತಿಕ" ಎಂದು ಮುಂದೆ ನಡೆದ.

ಗ್ರಾಮಸಭೆಯ ದಿನ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪಂಚಾಯತಿಯ ಸಭಾಭವನ ತುಂಬಿತ್ತು. ಆಚೆಯ ಕೇರಿಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು, ಮಕ್ಕಳ ಮಾತಿಗೆ ಹೌದು ಹೌದು ಎನ್ನುವುದಕ್ಕೆ. ನಿರೂಪಣೆ ಈತನದೇ. ಮೈಕು ಮೊದಲು ಕಿರ್ರೆಂದು ಕೂಗಿದಾಗ, "ಶಿವಪೂಜೆಯಲ್ಲಿ ಕರಡಿ ಬಿಟ್ಟಹಾಗೆ ಆಯಿತಲ್ಲ!" ಎಂದು ತಾನೇ ನಕ್ಕ. ಎದುರಿನ ಸಾಲಿನಲ್ಲಿ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಗಣಪಿ ಕೂತಿದ್ದಳು.

ಸ್ವಾಗತ, ಪ್ರಾಸ್ತಾವಿಕ ಆದ ಮೇಲೆ ಸನ್ಮಾನ. ಯಾರಿಗೆ? ಗುತ್ತಿಗೆದಾರನಿಗೆ. ಆ ವರ್ಷ ಶಾಲೆಗೆ ಮೈಕ್ ಸೆಟ್ ಕೊಟ್ಟವನು ಅವನು, ಅದಕ್ಕೆ. ಶಾಲು ಹೊದೆಸಿ, ಗಂಧದ ಹಾರ ಹಾಕಿ, ಪೇಟ ಇಟ್ಟಾಯಿತು. ಅದೂ ಸಾಲದೆ ಗಣಪಿಯನ್ನು ವೇದಿಕೆಗೆ ಕರೆಸಿದ. ಅವಳಿಗೆ ಒಂದು ಬುಟ್ಟಿ ಹಣ್ಣು, ಒಂದು ಸೀರೆ. ಕೊಡಿಸಿದ್ದು ಆ ಗುತ್ತಿಗೆದಾರನ ಕೈಯಿಂದಲೇ! ಫೋಟೋ ತೆಗೆಯುವಾಗ, "ಸೆರಗು ಸ್ವಲ್ಪ ಸರಿಸಿ ತಾಯೀ, ಗಾಯ ಕಾಣಲಿ" ಎಂದ. ಅವಳು ಸರಿಸಿದಳು. ಪಾಪ, ಎಷ್ಟು ಜನರ ಎದುರು ಬೇಡ ಎನ್ನಬೇಕು ಅವಳು?

ಇದೆಲ್ಲ ಆದ ಮೇಲೆ ಮಂಗಲಾಳನ್ನು ಕರೆದ. ಕೈಯಲ್ಲಿ ಆತನ ನಾಲ್ಕು ಪುಟ. ಅವಳು ಅದನ್ನು ಮಡಚಿ ಮೇಜಿನ ಮೇಲಿಟ್ಟಳು. ಪಂಚಾಯತಿಯ ಅಧ್ಯಕ್ಷೆ ಮೆಲ್ಲಗೆ, "ಹೇಳು ಮಗಾ, ಹೆದ್ರಬೇಡ" ಎಂದರು. ಮಂಗಲಾ ಬಾಯಿಪಾಠದಿಂದ ಆ ಮೂರು ವಾಕ್ಯ ಹೇಳಿದಳು, ನಕಾಶೆ ಬಿಚ್ಚಿ ತೋರಿಸಿದಳು. ಶಾಲು ಹೊದ್ದವನು ಕುರ್ಚಿಯಲ್ಲಿ ಒಮ್ಮೆ ಅಲುಗಾಡಿದ. ಮಾಸ್ತರ ಎದ್ದು ಹುಡುಗಿಯ ಕೈಯಿಂದ ಮೈಕು ತೆಗೆದುಕೊಂಡ.

"ಬಾಲೆ ಭಾವಾವೇಶಕ್ಕೆ ಒಳಗಾಗಿದ್ದಾಳೆ. ಇಂದು ನಮ್ಮ ವೇದಿಕೆಯ ಅತಿಥಿಯನ್ನು ನೋಯಿಸುವುದು ನಮ್ಮ ಸಂಸ್ಕೃತಿಯಲ್ಲ."

ಮುಗಿಯಿತು. ನಮ್ಮ ಕಡೆ ಇದೊಂದು ಅಲಿಖಿತ ಕಾಯ್ದೆ, ಸನ್ಮಾನ ಮಾಡಿದ ವೇದಿಕೆಯಲ್ಲಿ ಆ ಮನುಷ್ಯನ ತಪ್ಪು ಎತ್ತುವಂತಿಲ್ಲ. ಹೌದು ಎನ್ನಲು ಬಂದ ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೊಬ್ಬ, "ಶಾಲು ಹೊದ್ಸಿ ಬೈದ್ರೆ ಸಮ ಆತಿಲ್ಲ, ಇರ್ಲಿ ಬಿಡಿ" ಎಂದ. ಕಾರ್ಯದರ್ಶಿ ಮೇಜಿನ ಮೇಲಿನ ನಾಲ್ಕು ಪುಟ ತೆಗೆದು ಕೊನೆಯ ಸಾಲು ನೋಡಿ ಠರಾವು ಬರೆದುಕೊಂಡರು: ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಚಪ್ಪಾಳೆ. ಆಮೇಲೆ ಚಾ, ಗೋಳಿಬಜೆ. ಆತ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಕ್ಕಳ ಆರು ತಿಂಗಳ ಕೆಲಸವನ್ನು ತೆಗೆದು ಎಸೆದಿದ್ದ. ನಾನು ಎರಡನೆಯ ಸಾಲಿನಲ್ಲಿ ಕೂತು ಎಲ್ಲ ನೋಡಿದೆ.

ಮಾರ್ಚಿನಲ್ಲಿ ಮತ್ತೆ ರಾಶಿ ಬಿತ್ತು, ಅದೇ ಮೂರು ಜಾಗದಲ್ಲಿ. ಮತ್ತೆ ಹೆಜ್ಜೆ ಕಂಡವು. ಗಣಪಿ ಡಬ್ಬ ಬಡಿಯುತ್ತ, ಮಂಗಲಾ ಕೋಲು ಹಿಡಿದುಕೊಂಡು, ತಾಯಿ ಮಗಳು ಜೊತೆಯಲ್ಲಿ ಹಕ್ಕಲು ದಾಟುತ್ತಿದ್ದರು. ತಾಯಿಯನ್ನು ಬಸ್ಸು ಹತ್ತಿಸಿ ಮಗಳು ಪರೀಕ್ಷೆಗೆ ಬಂದು ಕೂರುತ್ತಿದ್ದಳು. ಪರೀಕ್ಷೆಯ ಕಾಗದದ ಮೇಲೆ ಅವಳ ಬೆರಳಿನ ಕೆಮ್ಮಣ್ಣು ಮೂಡಿರುತ್ತಿತ್ತು. ಏನೆಂದು ಆಮೇಲೆ ತಿಳಿಯಿತು. ಆರು ಹುಡುಗಿಯರು ದಿನಾ ಮಧ್ಯಾಹ್ನ ಪರೀಕ್ಷೆ ಮುಗಿಸಿಕೊಂಡು ಹೋಗಿ, ಹಾರೆ ಪಿಕಾಸಿ ಹಿಡಿದು, ಆ ರಾಶಿಯನ್ನು ತಾವೇ ಹೂಳುತ್ತಿದ್ದರು.

ಗುತ್ತಿಗೆದಾರ ಜೀಪಿನಲ್ಲಿ ಶಾಲೆಗೆ ಬಂದ. ತನ್ನ ಆಳುಗಳು ಕೂರುವ ಜಾಗ ಅಗೆದು ಹಾಕಿದ್ದಾರೆ, ಕೇಳದೆ ಹಕ್ಕಲಿಗೆ ನುಗ್ಗಿದ್ದಾರೆ ಎಂದು ಹಾರಾಡಿದ. ಮಾಸ್ತರ ಅವನಿಗೆ ಫ್ಲಾಸ್ಕಿನ ಬಿಸಿನೀರು ಕೊಟ್ಟು ಕೂರಿಸಿದ. ಹುಡುಗಿಯರನ್ನು ಕರೆಸಿ, ನಾಳೆ ಬೆಳಿಗ್ಗೆ ಕ್ಷಮಾಪಣೆ ಪತ್ರ ಬರದಿದ್ದರೆ ಆರೂ ಜನರ ಫಲಿತಾಂಶ ತಡೆಹಿಡಿಯುತ್ತೇನೆ, ಹತ್ತನೆಯ ಮುಖ ನೋಡುವುದಿಲ್ಲ ನೀವು ಎಂದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಒಂದೇ ಪತ್ರ ಸಾಲದು, ಪಂಚಾಯತಿಗೂ ಅರಣ್ಯ ಇಲಾಖೆಯ ಕಚೇರಿಗೂ ಪ್ರತಿ ಹೋಗಬೇಕು, ಶಿಸ್ತಿನ ವಿಷಯದಲ್ಲಿ ನಾನೆಷ್ಟು ಕಟ್ಟುನಿಟ್ಟು ಎಂದು ಎಲ್ಲರಿಗೂ ತಿಳಿಯಲಿ ಎಂದೂ ಸೇರಿಸಿದ.

ಮರುದಿನ ಪತ್ರ ಬಂತು. ಮಂಗಲಾಳ ಕೈಬರಹ, ಆರು ಸಹಿ, ಹಿಂದೆ ಆ ನಕಾಶೆ ಪಿನ್ ಮಾಡಿತ್ತು. ಆತ ಕನ್ನಡಕ ಹಣೆಯಿಂದ ಇಳಿಸಲೂ ಇಲ್ಲ. ಮೇಲಿನ 'ವಿಷಯ: ಕ್ಷಮಾಪಣೆ' ಎಂಬುದನ್ನು ನೋಡಿದ, "ಭೇಷ್" ಎಂದ, ಮೂರೂ ಪ್ರತಿಯ ಕೆಳಗೆ 'ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ' ಎಂದು ಬರೆದು ಸಹಿ ಹಾಕಿದ. ಗುಮಾಸ್ತ ಶಾಲೆಯ ಮೊಹರು ಒತ್ತಿ, ಹೊರಗೆ ಹೋಗುವ ಕಾಗದಕ್ಕೆ ಹಾಕುವ ಜಾವಕ ನಂಬರು ಹಾಕಿದ. ಪತ್ರ ಹೀಗಿತ್ತು:

'ಕಾಲುದಾರಿಯ ಪಕ್ಕ ಮೂರು ಕಡೆ ಗುತ್ತಿಗೆದಾರರು ಸುರಿಸಿದ ಗೇರುಹಣ್ಣನ್ನು ನಾವು ಆರು ಜನ ಹೊಂಡ ತೋಡಿ ಮುಚ್ಚಿದ್ದು ನಿಜ. ಆ ಕೆಲಸ ಅವರದು. ಅವರನ್ನು ಕೇಳದೆ ಅವರ ಕೆಲಸ ನಾವು ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಕಳೆದ ವರ್ಷ ಈ ರಾಶಿಗೆ ಬಂದ ಕರಡಿ ನನ್ನ ಅಮ್ಮನನ್ನು ಹಿಡಿದಿದೆ. ಈ ವರ್ಷವೂ ಹೆಜ್ಜೆ ಕಂಡಿದೆ, ಜಾಗ ನಕಾಶೆಯಲ್ಲಿದೆ. ದಾರಿಯಿಂದ ಒಂದು ಕೂಗಳತೆಯೊಳಗೆ ಹಣ್ಣು ಸುರಿಯಬಾರದೆಂದು ಕರಾರಿನಲ್ಲಿ ಬರೆದರೆ ನಾವು ಇನ್ನೊಮ್ಮೆ ಈ ತಪ್ಪು ಮಾಡುವುದಿಲ್ಲ.'

ಮಕ್ಕಳು ಬರೆದ ಕಾಗದ ಎಂದಿದ್ದರೆ ಕಸದ ಬುಟ್ಟಿಗೆ ಹೋಗುತ್ತಿತ್ತೋ ಏನೋ. ಇದು ಮುಖ್ಯೋಪಾಧ್ಯಾಯರ ಸಹಿ, ಮೊಹರು, ನಂಬರು ಇದ್ದ ಕಾಗದ. ಕರಡಿ ಹಿಡಿದ ಸುದ್ದಿ ಬರಹದಲ್ಲಿ ಬಂದಿದೆ, ಮತ್ತೆ ಹಿಡಿದರೆ ಯಾರು ಉತ್ತರ ಕೊಡುವುದು? ವಾರದೊಳಗೆ ವಲಯ ಅರಣ್ಯಾಧಿಕಾರಿ ಬಂದರು, ಕಾಲುದಾರಿಯಲ್ಲಿ ನಡೆದೇ ಬಂದರು. "ಕೂಗಳತೆ ಅಂದ್ರೆ ಎಷ್ಟು ಮಾರಾಯ್ತಿ?" ಎಂದು ಮಂಗಲಾಳನ್ನು ಕೇಳಿದರು. ಅವಳು ದಾರಿಯಲ್ಲಿ ನಿಂತು "ಓ…" ಎಂದು ಕೂಗಿದಳು. ಜೊತೆಗೆ ಬಂದ ಗಾರ್ಡು ಕೂಗು ಕೇಳಿಸದಾಗುವವರೆಗೆ ಗುಡ್ಡ ಹತ್ತಿ ಹೋಗಿ ಅಲ್ಲಿ ಒಂದು ಗೂಟ ಹೊಡೆದ. ಮುಂದಿನ ಹರಾಜಿನ ಕರಾರಿನಲ್ಲಿ ಆ ವಾಕ್ಯ ಬಂತು. ಈ ವರ್ಷ ಹಕ್ಕಲಿನ ದಾರಿಯಲ್ಲಿ ರಾಶಿ ಬೀಳಲಿಲ್ಲ, ಗಣಪಿ ಡಬ್ಬ ಬಡಿಯುವುದನ್ನು ಬಿಟ್ಟಿದ್ದಾಳೆ.

ಅಧಿಕಾರಿ ಬಂದ ದಿನ ಗುತ್ತಿಗೆದಾರ ಫೋನಿನಲ್ಲಿ ಬೈದಾಗ ಮಾಸ್ತರ ಕುರ್ಚಿ ಬಿಟ್ಟು ಎದ್ದು ನಿಂತ. "ಅಯ್ಯೋ, ನಾನು ನಿಮಿತ್ತ ಮಾತ್ರ, ಬರೆದದ್ದು ಆ ಹುಡುಗಿ, ನಾನು ಓದಿಯೇ ಇಲ್ಲ" ಎಂದು ಅಂಗಲಾಚಿದ. ಆತ ಜೀವಮಾನದಲ್ಲಿ ಆಡಿದ ಒಂದೇ ಸತ್ಯ ಅದು ಎಂದು ನನ್ನ ಎಣಿಕೆ. ಪೇಪರಿನಲ್ಲಿ 'ಮಾದರಿ ಶಾಲೆ' ಎಂದು ಬಂದ ಮರುದಿನದಿಂದ ಅದು 'ನನ್ನ ಪತ್ರ'ವಾಯಿತು. ಭಟ್ಕಳದಲ್ಲಿ ಒಂದು, ಕುಮಟೆಯಲ್ಲಿ ಎರಡು, ಮುರ್ಡೇಶ್ವರದಲ್ಲಿ ಒಂದು ಸನ್ಮಾನ ಮಾಡಿಸಿಕೊಂಡ. ಅಭಿನಂದನ ಗ್ರಂಥದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಂತೆ. ಮಂಗಲಾಳಿಗೆ ಹೇಳಿದೆ. "ಬರ್ಕಣ್ಲಿ ಅಕ್ಕೋರೇ. ಅಮ್ಮ ಬಸ್ಸು ಹತ್ತಿದ್ರೆ ಆತು" ಎಂದಳು.

ಇಷ್ಟು ಬರೆದು ಗ್ರಂಥದವರಿಗೇ ಕಳಿಸಿಬಿಡೋಣ, ಮುಖಕ್ಕೆ ಹೊಡೆದ ಹಾಗೆ ಆಗಲಿ ಎಂದು ಒಮ್ಮೆ ಅನ್ನಿಸಿತ್ತು. ಕಳಿಸಲಿಲ್ಲ. ಆತನ ಹೆದರಿಕೆಯಿಂದಲ್ಲ. ಪತ್ರ ಆತನ ಮೇಜಿಗೆ ಹೋಗುವ ಮೊದಲು, ಹಿಂದಿನ ಸಂಜೆ, ಮಂಗಲಾ ಅದನ್ನು ನನಗೆ ತೋರಿಸಲು ಪ್ರಯೋಗಶಾಲೆಗೆ ತಂದಿದ್ದಳು. ನಾನು ಒಂದಕ್ಷರ ಬಿಡದೆ ಓದಿದೆ. "ಇದು ಕ್ಷಮಾಪಣೆ ಅಲ್ಲ ಕಣೇ, ಹರಿದು ಹಾಕು. ತಪ್ಪಾಯಿತು, ಕ್ಷಮಿಸಿ ಎಂದು ಎರಡು ಸಾಲು ಬರಿ, ಸಾಕು. ಫಲಿತಾಂಶ ನಿಂತರೆ ಎಂತ ಮಾಡ್ತೆ? ನನ್ನನ್ನೂ ಕೇಳ್ತಾರೆ" ಎಂದೆ. ಅವಳು ಕಾಗದ ಮಡಚಿಕೊಂಡಳು. ನನ್ನ ಮೇಲೆ ಸಿಟ್ಟೇನೂ ಮಾಡಲಿಲ್ಲ.

"ಸರ್ ಓದೂದಿಲ್ಲ ಅಕ್ಕೋರೇ" ಎಂದಷ್ಟೇ ಹೇಳಿ ಹೋದಳು.

ಈ ಜೂನಿನಿಂದ ಪ್ರಭಾರ ನನ್ನದು, ಆ ಕುರ್ಚಿಯಲ್ಲಿ ನಾನು ಕೂರುತ್ತಿದ್ದೇನೆ. ಕಾಗದ ಬಂದರೆ ಪೂರ್ತಿ ಓದುತ್ತೇನೆ. ಅವತ್ತು ಅಲ್ಲಿ ನಾನಿದ್ದಿದ್ದರೆ ಮಂಗಲಾಳ ಪತ್ರವನ್ನೂ ಪೂರ್ತಿ ಓದುತ್ತಿದ್ದೆ, ಸಹಿ ಹಾಕುತ್ತಿರಲಿಲ್ಲ.